ಗುರುವರ್ಯರು ಕಂಡ ಕಿರುಗ್ರಹ

ಇಂದಿನ ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಪಲೆರ್ಮೊ ನಗರ. 1801ರ ಜನವರಿ 1ರ ರಾತ್ರಿ ಅಲ್ಲಿನ ವೀಕ್ಷಣಾಲಯದಲ್ಲಿ ಥಿಯಾಟೈನ್ ಸಭೆಯ ಗುರು ಜುಸೆಪ್ಪೆ ಪಿಯಾಟ್ಸಿ ಅವರು ಎಂದಿನಂತೆ ನಕ್ಷತ್ರಗಳ ಸ್ಥಾನವನ್ನು ಗುರುತಿಸುತ್ತಿದ್ದರು. ವೃಷಭ ರಾಶಿಯಲ್ಲಿ ಮಂದವಾದ ಚುಕ್ಕಿಯೊಂದು ಕಂಡಿತು. ಮರುರಾತ್ರಿ ನೋಡಿದಾಗ ಅದು ತುಸು ಸರಿದಿತ್ತು. ನಕ್ಷತ್ರವು ಹೀಗೆ ಸರಿಯದು.

ಅದು ಧೂಮಕೇತುವಾಗಿರಬಹುದೆಂದು ಅವರು ಪ್ರಕಟಿಸಿದರು. ಅದರ ನಿಧಾನವಾದ, ಏಕರೂಪದ ಚಲನೆಯನ್ನು ಕಂಡು, ಧೂಮಕೇತುವಿಗಿಂತ ಮಿಗಿಲಾದುದೇನೋ ಇರಬಹುದೆಂದು ಮಿಲಾನಿನ ಗೆಳೆಯ ಒರಿಯಾನಿಯವರಿಗೆ ಮಾತ್ರ ಬರೆದರು. ಫೆಬ್ರವರಿ 11ರವರೆಗೆ ವೀಕ್ಷಣೆ ಸಾಗಿತು. ಆಮೇಲೆ ಆ ಕಾಯವು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಆಗ 24 ವರ್ಷದ ಜರ್ಮನ್ ಗಣಿತಜ್ಞ ಗೌಸ್ ಆ ಕೆಲವೇ ವೀಕ್ಷಣೆಗಳಿಂದ ಅದರ ಪಥವನ್ನು ಲೆಕ್ಕಹಾಕಿದರು. ಅವರು ಸೂಚಿಸಿದ ಸ್ಥಳದ ಸಮೀಪದಲ್ಲೇ, ಅದೇ ವರ್ಷದ ಡಿಸೆಂಬರ್ 31ರಂದು ಅದು ಮತ್ತೆ ದೊರಕಿತು. ಮಂಗಳ ಮತ್ತು ಗುರುಗ್ರಹಗಳ ನಡುವಣ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅದೇ ಅತಿ ದೊಡ್ಡದು. ವ್ಯಾಸ ಸುಮಾರು 940 ಕಿ.ಮೀ. 2006ರಿಂದ ಅದನ್ನು ಕುಬ್ಜಗ್ರಹವೆಂದೂ ಗಣಿಸಲಾಗಿದೆ.

ಪಿಯಾಟ್ಸಿಯವರು ಅದಕ್ಕಿಟ್ಟ ಹೆಸರು 'ಸೆರೆಸ್ ಫರ್ಡಿನಾಂಡಿಯಾ'. ಸೆರೆಸ್ ಎಂದರೆ ರೋಮನ್ನರ ಧಾನ್ಯದೇವತೆ. ಪ್ರಾಚೀನ ಸಿಸಿಲಿಯ ರಕ್ಷಕಿ. ಫರ್ಡಿನೆಂಡ್ ವೀಕ್ಷಣಾಲಯಕ್ಕೆ ಆಶ್ರಯವಿತ್ತ ಅರಸ. ಉಪಕಾರಸ್ಮರಣೆ ತಪ್ಪಲ್ಲ. ಆದರೆ ಅನ್ಯದೇಶದವರು ಅರಸನ ಹೆಸರನ್ನು ಒಪ್ಪಲಿಲ್ಲ, ಅದು ಉದುರಿಹೋಯಿತು. ಅನ್ನಕ್ಕೆ ಸಂಬಂಧಿಸಿದ ಹೆಸರಷ್ಟೇ ಉಳಿಯಿತು. ಈಗಿನ ನಿಯಮವಂತೂ ಇನ್ನೂ ಕಟ್ಟುನಿಟ್ಟು: ಪಥವು ಖಚಿತವಾಗಿ ಕ್ರಮಸಂಖ್ಯೆ ದೊರೆತ ಮೇಲೆಯೇ ನಾಮಕರಣ; ರಾಜಕಾರಣಿಯ ಹೆಸರಾದರೆ ಅವರು ಗತಿಸಿ 100 ವರ್ಷ ಕಳೆದಿರಬೇಕು.

ಅರಸನು ಪಿಯಾಟ್ಸಿಯವರ ಗೌರವಾರ್ಥ ಚಿನ್ನದ ಪದಕವನ್ನು ಮಾಡಿಸಲಿಚ್ಛಿಸಿದಾಗ, ಆ ಹಣದಿಂದ ದೂರದರ್ಶಕವನ್ನು ಕೊಳ್ಳಬೇಕೆಂದು ಅವರು ವಿನಂತಿಸಿದರು. ಅವರು 1826ರಲ್ಲಿ ನಿಧನರಾದರು. ಸುಮಾರು ಒಂದು ಶತಮಾನದ ತರುವಾಯ, 1923ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕಾರ್ಲ್ ರೈನ್‌ಮುತ್ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದರು. 1000ನೆಯ ಕ್ರಮಸಂಖ್ಯೆ ಪಡೆದ ಅದಕ್ಕೆ 'ಪಿಯಾಟ್ಸಿಯಾ' ಎಂಬ ಹೆಸರಾಯಿತು.

ವಸ್ತುವನ್ನು ಹೆಸರು ಅನುಸರಿಸಬೇಕು; ಹೆಸರಿನಿಂದ ವಸ್ತುವಿಗೆ ಹಿರಿಮೆ ಬಾರದು. ಆದಿಕಾಂಡದಲ್ಲಿಯೂ ಪ್ರಾಣಿಗಳನ್ನು ಮೊದಲು ಮಾನವನ ಕಣ್ಮುಂದೆ ತರಲಾಗುತ್ತದೆ. ಆನಂತರವೇ ಅವನು ಹೆಸರಿಡುತ್ತಾನೆ. ನಾವಾದರೋ ಒಬ್ಬರನ್ನು ಒಂದೇ ದಿನ ಕಂಡು ಒಳ್ಳೆಯವರು, ಕೆಟ್ಟವರು ಎಂದು ಹೆಸರಿಟ್ಟುಬಿಡುತ್ತೇವೆ. ಕೊಟ್ಟ ಕಾಣಿಕೆಗೆ ಪ್ರತಿಯಾಗಿ ಗೋಡೆಯ ಕಲ್ಲಿನಲ್ಲಿ ನಮ್ಮ ಹೆಸರನ್ನು ಹುಡುಕುತ್ತೇವೆ. ಪಲೆರ್ಮೊದ ಗುರುಗಳು ಒಂದು ಚುಕ್ಕಿಗಾಗಿ ನಲವತ್ತು ರಾತ್ರಿ ಕಾದರು. ನೆರೆಯವರನ್ನು ಅರಿಯಲು ನಾವು ಅಷ್ಟಾದರೂ ಕಾಯಬಾರದೇ?