ಕೊಟ್ಟವರೂ ನಾವೇ, ಲೆಕ್ಕ ಬರೆದವರೂ ನಾವೇ

(ಈ ವಾರದ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೂತು ಕೇಳ್ತಿದ್ರೂ ಸರಿ, ಇಲ್ಲಿ ಸ್ಕ್ರೋಲ್ ಮಾಡ್ತಾ ಓದ್ತಿದ್ರೂ ಸರಿ, ಮೊದಲು ಒಂದು ಸಣ್ಣ ಕೆಲಸ. ಕಳೆದ ಒಂದು ವರ್ಷದಲ್ಲಿ ನೀವು ಯಾರ್‍ಯಾರಿಗೆ ಸಹಾಯ ಮಾಡಿದ್ರಿ ಅಂತ ಮನಸ್ಸಲ್ಲೇ ಎಣಿಸಿ. ಆಯ್ತಾ? ಈಗ ನಿಮಗೆ ಯಾರ್‍ಯಾರು ಸಹಾಯ ಮಾಡಿದ್ರು, ಅದನ್ನೂ ಎಣಿಸಿ. ಮೊದಲನೇ ಪಟ್ಟಿ ಸಲೀಸಾಗಿ ಬಂದು, ಎರಡನೇದಕ್ಕೆ ತಡವರಿಸಿದ್ರಿ ಅಂದ್ರೆ ಈ ಸಂಚಿಕೆ ನಿಮಗೇ. ನನಗೂ.

ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಒಂದು ಬೋರ್‌ವೆಲ್. 2017ರ ಬೇಸಿಗೆಯಲ್ಲಿ ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಚಿತ್ರದುರ್ಗದ ಕಡೆಯವರಿಗೆ ಬರ ಹೊಸದಲ್ಲ, ಆದ್ರೆ ಆ ಸಲ ಪಕ್ಕದ ತೋಟದವರ ಬೋರ್ ಪೂರ್ತಿ ನಿಂತುಹೋಯ್ತು. ಹನ್ನೆರಡು ವರ್ಷ ಮಕ್ಕಳ ಥರ ಸಾಕಿದ ಗಿಡಗಳ ಸೋಗೆ ಜೋತುಬಿದ್ದಿದ್ದು ನಮ್ಮ ಬೇಲಿಯಿಂದಲೇ ಕಾಣ್ತಿತ್ತು. ಅಪ್ಪ ಯಾರೂ ಕೇಳೋ ಮುಂಚೆನೇ ಒಂದು ಪೈಪ್ ಎಳೆದು, ದಿನಾ ಎರಡು ಗಂಟೆ ನೀರು ಬಿಟ್ರು. ದುಡ್ಡು ತಗೊಳ್ಳಲಿಲ್ಲ. ಆ ತೋಟ ಉಳೀತು.

ಇದು ನಿಜವಾಗ್ಲೂ ಒಳ್ಳೇ ಕೆಲಸ. ಅದನ್ನ ಚಿಕ್ಕದು ಮಾಡೋಕೆ ನಾನು ಹೊರಟಿಲ್ಲ. ಆದ್ರೆ ಆ ನೀರಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡೋಣ. ಪಂಪ್ ಓಡಿಸಿದ ಕರೆಂಟ್ ನಮ್ಮದಲ್ಲ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಸರ್ಕಾರ ಕೊಡೋ ಉಚಿತ ಕರೆಂಟ್. ಇನ್ನು ನೀರು? ನಮ್ಮ ಕಡೆ ನೆಲದ ಕೆಳಗಿರೋದು ಗಟ್ಟಿ ಬಂಡೆ. ನೀರು ನಿಲ್ಲೋದು, ಹರಿಯೋದು ಆ ಬಂಡೆಯ ಬಿರುಕುಗಳಲ್ಲಿ. ಅಕ್ಕಪಕ್ಕದ ಎರಡು ಬೋರ್ ಒಂದೇ ಬಿರುಕಿಂದ ಎಳೀತಿದ್ರೆ, ಆಳಕ್ಕೆ ಇಳಿದವನಿಗೆ ನೀರು, ಮೇಲೆ ನಿಂತವನಿಗೆ ಗಾಳಿ. ನಮ್ಮದು ಅವರಿಗಿಂತ ಇನ್ನೂರು ಅಡಿ ಆಳ ಇತ್ತು. ಅಂದ್ರೆ ನಾವು ಕೊಟ್ಟ ನೀರಲ್ಲಿ ಒಂದಿಷ್ಟಾದ್ರೂ ಅವರದೇ ಇದ್ದಿರಬಹುದು. ಇದು ಆಗ ನಮಗ್ಯಾರಿಗೂ ಹೊಳೀಲಿಲ್ಲ. ಹೊಳೆಯೋಕೆ ನಮಗೇನೂ ಅವಸರ ಇರಲಿಲ್ಲ ಅನ್ನಿ.

ಬದಲಿಗೆ ನಮಗೆ ಸಿಕ್ಕಿದ್ದೇನು? ಊರಲ್ಲಿ ಹೆಸರು. ಅಡಿಕೆ ಕೊಯ್ಲಿಗೆ ಆ ಮನೆಯವರು ಮೊದಲು ನಮ್ಮ ತೋಟಕ್ಕೆ ಬರೋರು. ಹಳೇ ಬೇಲಿ ತಕರಾರು ಒಂದಿತ್ತು, ಅದರ ಮಾತೇ ನಿಂತುಹೋಯ್ತು. ಅಪ್ಪ ಇದಕ್ಕೋಸ್ಕರ ನೀರು ಬಿಟ್ರು ಅಂತಲ್ಲ. ಆದ್ರೆ ಇದೆಲ್ಲ ಬಂದಾಗ ಬೇಡ ಅನ್ನಲಿಲ್ಲ.

ಅಸಲಿ ಕಥೆ ಶುರುವಾಗಿದ್ದು ಮುಂದಿನ ವರ್ಷ. ಅವರು ಸಾಲ ಮಾಡಿ, ನಮ್ಮ ಬೋರ್‌ಗಿಂತಲೂ ಆಳಕ್ಕೆ ಹೊಸ ಬೋರ್ ಹೊಡೆಸಿದ್ರು. ನೀರು ಬಂತು. ಅಪ್ಪ ಖುಷಿ ಪಡಬೇಕಿತ್ತು ಅಲ್ವಾ? ರಾತ್ರಿ ಊಟಕ್ಕೆ ಕೂತಾಗ ಅವರ ಬಾಯಿಂದ ಬಂದ ಮಾತು: "ಬೇಸಿಗೆ ಪೂರ್ತಿ ನೀರು ಕೊಟ್ಟವರಿಗೆ ಒಂದು ಮಾತು ಹೇಳದೆ ಬೋರ್ ಹಾಕ್ಸಿದಾನೆ." ನಾನೂ ತಲೆ ಆಡಿಸಿದೆ. ಅವರ ಜಮೀನಲ್ಲಿ ಅವರು ಬೋರ್ ಹೊಡೆಸೋಕೆ ನಮ್ಮನ್ನ ಯಾಕೆ ಕೇಳ್ಬೇಕು ಅನ್ನೋ ಪ್ರಶ್ನೆ ನನಗೆ ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ. ನಾವು ಕೊಟ್ಟಿದ್ದು ಬರೀ ನೀರಲ್ಲ, ಒಂದು ಜಾಗ. ಅವರು ಕೇಳೋ ಜಾಗದಲ್ಲಿ, ನಾವು ಕೊಡೋ ಜಾಗದಲ್ಲಿ. ಅವರು ಆ ಜಾಗ ಬಿಟ್ಟು ಎದ್ದಿದ್ದೇ ನಮಗೆ ನೋವು.

ಇದರ ಬಗ್ಗೆ ಓದೋಕೆ ಹೊರಟಾಗ ಗೊತ್ತಾಗಿದ್ದು, ನಾವೊಂದೇ ಮನೆ ಹಿಂಗಲ್ಲ ಅಂತ. ಜೇಮ್ಸ್ ಆಂಡ್ರಿಯೋನಿ ಅನ್ನೋ ಅರ್ಥಶಾಸ್ತ್ರಜ್ಞ 1990ರಲ್ಲಿ ಒಂದು ಪ್ರಬಂಧ ಬರೆದ್ರು. ದಾನ ಮಾಡುವವರು ಇನ್ನೊಬ್ಬರ ಒಳಿತಿಗಾಗಿ ಮಾತ್ರ ಕೊಡಲ್ಲ, ಕೊಟ್ಟಾಗ ಒಳಗೆ ಹುಟ್ಟೋ ಒಂದು ಬೆಚ್ಚನೆ ಖುಷಿಗೂ ಕೊಡ್ತಾರೆ ಅನ್ನೋದು ಅದರ ವಾದ. ಇದರಲ್ಲಿ ತಪ್ಪೇನಿಲ್ಲ ಬಿಡಿ. ಹಳೇ ದಾನಶಾಸನಗಳಲ್ಲಿ ತಂದೆತಾಯಿಗೆ ಪುಣ್ಯ ಬರಲಿ ಅಂತ ಕೊಟ್ಟೆ ಅಂತ ಕಲ್ಲಲ್ಲೇ ಕೆತ್ತಿಸಿರ್ತಾರೆ. ತನಗೇನು ಬೇಕು ಅಂತ ನೇರವಾಗಿ ಹೇಳೋರು ಅವರು. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಬೆಳಕು ಮುಚ್ಚೋ ಹಾಗೆ ದೊಡ್ಡದಾಗಿ ಹೆಸರು ಬರೆಸಿ, "ನಂಗೇನೂ ಬೇಡಪ್ಪ" ಅನ್ನೋರು ನಾವು.

ನನಗೆ ಹೆಚ್ಚು ಚುಚ್ಚಿದ್ದು ಬೇರೆ ಎರಡು ಅಧ್ಯಯನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದು ಸಹಾಯಾರ್ಥ ಹೂ ಮಾರಾಟಕ್ಕೆ ಮುಂಚೆ ವಿದ್ಯಾರ್ಥಿಗಳನ್ನ ಕೇಳಿದ್ರು, ನೀವು ಕೊಳ್ತೀರಾ ಅಂತ. ಶೇ 83ರಷ್ಟು ಜನ ಹೂಂ ಅಂದ್ರು. ಉಳಿದವರಲ್ಲಿ ಎಷ್ಟು ಜನ ಕೊಳ್ಳಬಹುದು ಅಂದ್ರೆ ಶೇ 56 ಅಂತ ಅಂದಾಜು ಹೇಳಿದ್ರು. ಕೊನೆಗೆ ಕೊಂಡವರು ಶೇ 43. 2000ದಲ್ಲಿ ಪ್ರಕಟವಾದ ಅಧ್ಯಯನ ಇದು. ಊರವರ ಬಗ್ಗೆ ಅವರ ಅಂದಾಜು ಅಷ್ಟೇನೂ ದೂರ ಹೋಗಲಿಲ್ಲ, ತಮ್ಮ ಬಗ್ಗೆಯೇ ಪೂರ್ತಿ ತಪ್ಪಿತು.

ಇನ್ನೊಂದು 1979ರದ್ದು, ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಮಾಡಿದ್ದು. 37 ಗಂಡಹೆಂಡತಿ ಜೋಡಿಗಳನ್ನ ಬೇರೆಬೇರೆ ಕೂರಿಸಿ, ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದ್ರು. ಇಬ್ಬರ ಉತ್ತರ ಕೂಡಿಸಿದಾಗ ಬಹುಪಾಲು ಜೋಡಿಗಳಲ್ಲಿ ನೂರಕ್ಕಿಂತ ಜಾಸ್ತಿ ಆಯ್ತು! ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ತಾನು ಪಾತ್ರೆ ತೊಳೆದಿದ್ದು ತನಗೆ ನೆನಪಿರುತ್ತೆ, ಇನ್ನೊಬ್ಬರು ತೊಳೆದಾಗ ತಾನು ಆ ಕೋಣೆಯಲ್ಲೇ ಇರಲ್ಲ. ಅಷ್ಟೇ ವಿಷಯ.

ಈಗ ಇದೇ ಲೆಕ್ಕವನ್ನ ಮನೆಯಿಂದ ತೆಗೆದು ಜಿಲ್ಲೆಗೆ ಹಾಕಿ ನೋಡಿ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ ಇದೆಯಲ್ಲ, ಮೈಸೂರು ಸಂಸ್ಥಾನದ ಕಾಲದ್ದು, 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದಿದ್ದು. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 89 ವರ್ಷದ ನಂತರ, 2022ರಲ್ಲಿ. ಸೆಲ್ಫಿ ತೆಗೆಯೋಕೆ ನಾವೂ ಹೋಗಿದ್ವಿ. ಆ ಕಡೆ, ಹಿನ್ನೀರಿನ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ತೋಟಗಳಿಗೆ ನೀರು ನುಗ್ಗಿತ್ತು. ಕೋಡಿ ಎತ್ತರ ತಗ್ಗಿಸಿ ಅಂತ ಹೊಸದುರ್ಗದ ಕಡೆಯಿಂದ ಕೂಗು, ತಗ್ಗಿಸಕೂಡದು ಅಂತ ಹಿರಿಯೂರಿನ ರೈತರು. ಹೊಸದುರ್ಗದವರ ಲೆಕ್ಕದಲ್ಲಿ ತ್ಯಾಗ ಅವರದು, ಮುಳುಗಿದ್ದು ಅವರ ನೆಲ. ಹಿರಿಯೂರಿನವರ ಲೆಕ್ಕದಲ್ಲಿ ಕೊಡೋರು ಅವರು, ಚಿತ್ರದುರ್ಗ ನಗರ ಕುಡಿಯೋದು ಇದೇ ನೀರು, ಚಳ್ಳಕೆರೆ ಕಡೆಗೆ ವೇದಾವತಿಗೆ ನೀರು ಬಿಟ್ಟಾಗ ಅವರು ವಿರೋಧಿಸಿದ್ದೂ ಉಂಟು. ಇನ್ನು ಮೇಲಕ್ಕೆ ಹೋದ್ರೆ ಭದ್ರಾ ಅಚ್ಚುಕಟ್ಟಿನವರು: 2025ರ ಜೂನ್‌ನಲ್ಲಿ, ಹೊಸದುರ್ಗ ಮುಂತಾದ ಕಡೆಗೆ ಕುಡಿಯುವ ನೀರು ಒಯ್ಯೋಕೆ ಬಲದಂಡೆ ನಾಲೆ ಸೀಳ್ತಿದ್ದಾರೆ ಅಂತ ದಾವಣಗೆರೆ ರೈತರು ಬೀದಿಗಿಳಿದ್ರು.

ಯಾರ ವಾದದಲ್ಲಿ ಎಷ್ಟು ನ್ಯಾಯ ಇದೆ ಅನ್ನೋ ತೀರ್ಪು ನನ್ನ ಕೈಲಾಗಲ್ಲ, ಎಲ್ಲರ ಹತ್ರಾನೂ ಒಣಗಿದ ಇಲ್ಲಾ ಮುಳುಗಿದ ತೋಟ ಇದೆ. ನಾನು ನೋಡ್ತಿರೋದು ಮಾತಿನ ರೀತಿ ಮಾತ್ರ. "ನಮ್ಮ ನೀರು ಕೊಡ್ತಿದೀವಿ" ಅಂತ ಹೇಳೋ ಊರು ಸಾಲಾಗಿ ಸಿಗ್ತವೆ. "ನಾವು ತಗೊಳ್ತಿದೀವಿ" ಅನ್ನೋ ಒಂದು ಊರು ಸಿಕ್ಕಿಲ್ಲ. ಎಲ್ಲರೂ ಕೊಡೋರೇ ಆದ್ರೆ ನೀರು ಕುಡೀತಿರೋದು ಯಾರು? ಕೊಡೋನು ಅನ್ನೋ ಹೆಸರಿನ ಜೊತೆ ಇನ್ನೊಂದು ಲಾಭ ಬರುತ್ತೆ: ಯಾವಾಗ, ಎಷ್ಟು, ಯಾರಿಗೆ ಅಂತ ತೀರ್ಮಾನ ಮಾಡೋ ಅಧಿಕಾರ. ನನಗನ್ಸೋದು, ಹೊಗಳಿಕೆಗಿಂತ ಆ ಅಧಿಕಾರಾನೇ ರುಚಿ ಜಾಸ್ತಿ.

ನಮ್ಮ ತೋಟದ ಕಥೆ ಅಲ್ಲಿಗೇ ಮುಗೀಲಿಲ್ಲ. 2023ರಲ್ಲಿ ಮತ್ತೆ ಮಳೆ ಕೈಕೊಡ್ತು. 2024ರ ಮಾರ್ಚ್ ಹೊತ್ತಿಗೆ ನಮ್ಮ ಬೋರ್ ನಿಂತಿತು. ಟ್ಯಾಂಕರ್ ನೀರು ಕೊಂಡು ಮೂರು ವಾರ ತಳ್ಳಿದ್ವಿ. ಒಂದು ಬೆಳಿಗ್ಗೆ ನೋಡಿದ್ರೆ ಬೇಲಿ ದಾಟಿ ಒಂದು ಕಪ್ಪು ಪೈಪ್ ಬಂದಿತ್ತು. ಅದೇ ಹಳೇ ಪೈಪ್ ಅಂತ ಅಮ್ಮ ಹೇಳ್ತಾಳೆ, ನನಗೆ ಗುರುತು ಸಿಗಲಿಲ್ಲ. ಅವರು ಏನೂ ಮಾತಾಡಲಿಲ್ಲ, ದಿನಾ ಎರಡು ಗಂಟೆ ನೀರು ಬಿಟ್ರು. ಸಂಜೆ ನಾನು ಅಪ್ಪನಿಗೆ, ಒಂದ್ಸಲ ಅವರ ಮನೆಗೆ ಹೋಗಿ ಬರೋಣ ಅಂದೆ.

ಅಪ್ಪ ಗುದ್ದಲಿ ತೊಳೀತಾ ಇದ್ರು. "ಹೋಗಾಣ, ಅದಕ್ಕೇನು," ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾ ಒಂದೇ ಸೆಲೆ ನೀರು ಕಣೋ. ಅವರದು, ನಮ್ಮದು ಅಂತ ಏನೈತೆ ಅದ್ರಲ್ಲಿ?"