ಬಿಚ್ಚುವವರು ಬಾರದ ಹಳದಿ ರಿಬ್ಬನ್

ರಿಬ್ಬನ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಶಾಲೆಗೆ ಹೊರಟ ಹುಡುಗಿಯ ಎರಡು ಜಡೆ. ಬೆಳಿಗ್ಗೆ ಅಮ್ಮ ಅವಸರದಲ್ಲೇ ಜಡೆ ಹೆಣೆದು, ಮಡಿಚಿ, ಟೇಪು ಸುತ್ತಿ ಹೂವಿನಂತೆ ಗಂಟು ಹಾಕುತ್ತಾಳೆ. ಸಂಜೆ ಮನೆಗೆ ಬಂದ ಮಗಳು ಅದನ್ನು ಬಿಚ್ಚಿ ಎಲ್ಲೋ ಒಂದು ಕಡೆ ಎಸೆಯುತ್ತಾಳೆ. ಬೆಳಿಗ್ಗೆ ಕಟ್ಟಿದ್ದು ಸಂಜೆ ಬಿಚ್ಚಿಕೊಳ್ಳುತ್ತದೆ ಎಂಬ ಬಗ್ಗೆ ಯಾವ ತಾಯಿಗೂ ಅನುಮಾನವಿರುವುದಿಲ್ಲ.

ಆದರೆ ದಕ್ಷಿಣ ಕೊರಿಯಾದ 250 ಮನೆಗಳಲ್ಲಿ ಹೆತ್ತವರು ತಮ್ಮ ಮಕ್ಕಳಿಗಾಗಿ ಕಟ್ಟಿದ ಹಳದಿ ರಿಬ್ಬನ್ ಹತ್ತು ವರ್ಷ ದಾಟಿದರೂ ಬಿಚ್ಚಿಕೊಂಡಿಲ್ಲ. ಅದರ ಕಥೆಯನ್ನು ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ಒಟ್ಟಿಗೆ ಕುಳಿತು ಓದಬೇಕು.

ಓಕ್ ಮರಕ್ಕೆ ಬಿದ್ದ ಗಂಟು

ಹಳದಿ ರಿಬ್ಬನ್ ಮೊದಲಿಗೆ ಸಾವಿನ ಗುರುತಾಗಿರಲಿಲ್ಲ. ಅದು ಕಾಯುವಿಕೆಯ ಗುರುತು. 1979ರ ನವೆಂಬರ್‌ನಲ್ಲಿ ಇರಾನಿನ ಟೆಹರಾನ್‌ನಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡು, ಅಲ್ಲಿದ್ದವರನ್ನು ಒತ್ತೆಯಾಳುಗಳನ್ನಾಗಿ ಇರಿಸಿಕೊಳ್ಳಲಾಯಿತು. ಅವರಲ್ಲಿ ಬ್ರೂಸ್ ಲೇಂಗನ್ ಎಂಬ ಹಿರಿಯ ಅಧಿಕಾರಿಯೂ ಇದ್ದರು. ಅವರ ಪತ್ನಿ ಪೆನ್ನಿ ಲೇಂಗನ್, 1973ರಲ್ಲಿ ಜನಪ್ರಿಯವಾಗಿದ್ದ ಒಂದು ಹಾಡನ್ನು ನೆನೆದು, ಮನೆಯಂಗಳದ ಓಕ್ ಮರಕ್ಕೆ ಹಳದಿ ರಿಬ್ಬನ್ ಕಟ್ಟಿದರು. ಗಂಡ ಬಂದು ತನ್ನ ಕೈಯಿಂದಲೇ ಬಿಚ್ಚುವವರೆಗೂ ಅದು ಅಲ್ಲೇ ಇರುತ್ತದೆ ಎಂದರು. ಊರೂರುಗಳಲ್ಲಿ ಜನ ತಾವೂ ಕಟ್ಟಿದರು. 444 ದಿನಗಳ ನಂತರ, 1981ರ ಜನವರಿ 20ರಂದು 52 ಮಂದಿ ಬಿಡುಗಡೆಯಾದರು. ಬ್ರೂಸ್ ಮನೆಗೆ ಬಂದರು.

ಹಳದಿ ರಿಬ್ಬನ್ನಿನ ಮೂಲ ಅರ್ಥ ಇಷ್ಟೇ: 'ನೀನು ಬಾ, ಬಂದು ಬಿಚ್ಚು.' ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಿಯಾದ ಕಡೆ ಹೋಗೋಣ.

'ಇದ್ದಲ್ಲೇ ಇರಿ'

ಆನ್ಸಾನ್ ಎಂಬುದು ರಾಜಧಾನಿ ಸೋಲ್ ನಗರಕ್ಕೆ ಹತ್ತಿರದ ಊರು. ಅಲ್ಲಿನ ದಾನ್ವೊನ್ ಪ್ರೌಢಶಾಲೆಯ 325 ವಿದ್ಯಾರ್ಥಿಗಳು ತಮ್ಮ ಉಪಾಧ್ಯಾಯರೊಡನೆ ಜೆಜು ದ್ವೀಪಕ್ಕೆ ನಾಲ್ಕು ದಿನಗಳ ಶಾಲಾ ಪ್ರವಾಸ ಹೊರಟರು. 2014ರ ಏಪ್ರಿಲ್ 15ರಂದು ಇಂಚಾನ್ ಬಂದರಿನಲ್ಲಿ ಮಂಜು ಮುಸುಕಿತ್ತು. ಸಂಜೆ ಹೊರಡಬೇಕಾಗಿದ್ದ 'ಸೆವೊಲ್' ಎಂಬ ಹಡಗು ರಾತ್ರಿ ಹೊರಟಿತು. ಅದರಲ್ಲಿ ಒಟ್ಟು 476 ಜನರಿದ್ದರು.

ಮರುದಿನ ಬೆಳಿಗ್ಗೆ ಸುಮಾರು 8 ಗಂಟೆ 50 ನಿಮಿಷಕ್ಕೆ, ನೈಋತ್ಯ ಮೂಲೆಯ ಜಿಂದೋ ದ್ವೀಪದ ಬಳಿ ಹಡಗು ಥಟ್ಟನೆ ತಿರುಗಿ ಒಂದು ಮಗ್ಗುಲಿಗೆ ವಾಲಿತು. ತುರ್ತು ಸೇವೆಗೆ ಮೊದಲು ಫೋನ್ ಮಾಡಿದವನು ಒಬ್ಬ ವಿದ್ಯಾರ್ಥಿ! ಆ ಹುಡುಗ ಬದುಕಿ ಉಳಿಯಲಿಲ್ಲ. ಹಡಗಿನ ಧ್ವನಿವರ್ಧಕವಾದರೋ 'ಇದ್ದಲ್ಲೇ ಇರಿ, ಕದಲಬೇಡಿ' ಎಂದು ಮತ್ತೆ ಮತ್ತೆ ಹೇಳುತ್ತಿತ್ತು. ಮಕ್ಕಳು ಹೇಳಿದಂತೆ ಕೇಳಿದರು. ಜೀವರಕ್ಷಕ ಅಂಗಿ ತೊಟ್ಟು ಕೋಣೆಗಳಲ್ಲೇ ಕಾದರು. ನಾಯಕ ಮಾತ್ರ ಮೊದಲಿಗೆ ಪಾರಾದವರ ಸಾಲಿನಲ್ಲಿದ್ದ. 2015ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ದುರಂತದಲ್ಲಿ 304 ಜನ ಇಲ್ಲವಾದರು. ಅವರಲ್ಲಿ 250 ಮಂದಿ ಅದೇ ಶಾಲೆಯ ವಿದ್ಯಾರ್ಥಿಗಳು.

ಹಡಗು ಮಗುಚಿದ್ದೇಕೆ?

ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೊರೆ ಎತ್ತರವಾದಷ್ಟೂ ಗಾಡಿಯ ಗುರುತ್ವ ಕೇಂದ್ರ ಮೇಲಕ್ಕೇರುತ್ತದೆ. ಆಗ ಒಂದು ಸಣ್ಣ ಹಳ್ಳವೂ ಅದನ್ನು ಉರುಳಿಸಬಲ್ಲದು. ಹಡಗಿಗೂ ನಿಯಮ ಇದೇ. ಆದ್ದರಿಂದಲೇ ಹಡಗಿನ ತಳದ ತೊಟ್ಟಿಗಳಲ್ಲಿ ನೀರು ತುಂಬಿ ಭಾರವನ್ನು ಕೆಳಗಿರಿಸುತ್ತಾರೆ. ಇದನ್ನು ನಿಲುಭಾರ ಎನ್ನುತ್ತಾರೆ. ಹಾಗಿದ್ದಾಗ ಹಡಗು ವಾಲಿದರೂ ಮತ್ತೆ ನೆಟ್ಟಗಾಗುತ್ತದೆ.

ಸೆವೊಲ್ 1994ರಲ್ಲಿ ಜಪಾನಿನಲ್ಲಿ ಕಟ್ಟಿದ ಹಡಗು. 2012ರಲ್ಲಿ ಕೊರಿಯಾಕ್ಕೆ ಬಂದ ಮೇಲೆ ಹೆಚ್ಚು ಪ್ರಯಾಣಿಕರನ್ನು ಕೂರಿಸಲೆಂದು ಮೇಲಂತಸ್ತಿನಲ್ಲಿ ಕೋಣೆಗಳನ್ನು ಸೇರಿಸಿದರು. ತೂಕ ಮೇಲಕ್ಕೇರಿತು. ಹಾಗಾಗಿ ಸರಕು 987 ಟನ್ ಮೀರಬಾರದು, ನಿಲುಭಾರ ಹೆಚ್ಚಿರಬೇಕು ಎಂಬ ಕಟ್ಟಳೆ ಇತ್ತು. ಆ ದಿನ ಹೇರಿದ್ದ ಸರಕು 2,000 ಟನ್‌ಗಿಂತ ಹೆಚ್ಚು! ನಿಲುಭಾರದ ನೀರು ಬೇಕಾದುದರ ಅರ್ಧದಷ್ಟೂ ಇರಲಿಲ್ಲ. ಸರಕನ್ನು ಸರಿಯಾಗಿ ಬಿಗಿದಿರಲೂ ಇಲ್ಲ. ತಿರುವಿನಲ್ಲಿ ಸರಕು ಒಂದೇ ಕಡೆಗೆ ಜಾರಿತು. ಮತ್ತೆ ನೆಟ್ಟಗಾಗುವ ಶಕ್ತಿ ಹಡಗಿಗೆ ಉಳಿಯಲಿಲ್ಲ. ಪಠ್ಯಪುಸ್ತಕದ ಒಂದು ಪುಟದಷ್ಟು ವಿಜ್ಞಾನವನ್ನು ದುಡ್ಡಿನಾಸೆ ಬದಿಗೊತ್ತಿತ್ತು.

ಅರ್ಥ ಬದಲಾಯಿತು

ಜಿಂದೋ ದ್ವೀಪದ ಪೆಂಗ್‌ಮೊಕ್ ಎಂಬ ಪುಟ್ಟ ಬಂದರಿಗೆ ಹೆತ್ತವರು ಧಾವಿಸಿದರು. ಮೊದಲ ದಿನಗಳಲ್ಲಿ ಆಸೆ ಇನ್ನೂ ಇತ್ತು. ಹಡಗಿನೊಳಗೆ ಎಲ್ಲೋ ಗಾಳಿ ಉಳಿದಿರಬಹುದು, ಅಲ್ಲಿ ಮಕ್ಕಳು ಉಸಿರಾಡುತ್ತಿರಬಹುದು ಎಂಬ ಆಸೆ. ಆಗ ದೇಶದ ತುಂಬ ಹಳದಿ ರಿಬ್ಬನ್ ಕಾಣಿಸಿಕೊಂಡಿತು. ಬಂದರಿನ ಕಂಬಿಗಳಿಗೆ, ಮರಗಳಿಗೆ, ಶಾಲೆಯ ಗೇಟಿಗೆ ಜನ ಅದನ್ನು ಕಟ್ಟಿದರು. ಆಗಿನ್ನೂ ಅದು ಓಕ್ ಮರದ ರಿಬ್ಬನ್ನೇ: 'ಮಕ್ಕಳೇ, ಮನೆಗೆ ಬನ್ನಿ.'

ಹಡಗು ಮಗುಚಿದ ಮೇಲೆ ಒಳಗಿನಿಂದ ಒಬ್ಬರೂ ಜೀವಂತವಾಗಿ ಹೊರಬರಲಿಲ್ಲ. ದಿನಗಳು ಕಳೆದಂತೆ ಮೇಲೆ ಬಂದದ್ದು ದೇಹಗಳು. 'ಬದುಕಿರಲಿ' ಎಂದು ಬೇಡುತ್ತಿದ್ದವರು 'ದೇಹವಾದರೂ ಸಿಗಲಿ' ಎಂದು ಬೇಡತೊಡಗಿದರು. ತನ್ನ ಮಗು ಸಿಕ್ಕವರು ಇನ್ನೂ ಸಿಗದವರ ಮುಖ ನೋಡಲಾರದೆ ಹೊರಟರು. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಉಪಾಧ್ಯಾಯರು, ಒಬ್ಬ ತಂದೆ ಮತ್ತು ಆತನ ಪುಟ್ಟ ಮಗ, ಹೀಗೆ ಐವರು ಕೊನೆಗೂ ಸಿಗಲಿಲ್ಲ. 2017ರ ಮಾರ್ಚ್‌ನಲ್ಲಿ ಹಡಗನ್ನೇ ಮೇಲೆತ್ತಿ ಮೊಕ್‌ಪೊ ಬಂದರಿಗೆ ತಂದು ಹುಡುಕಿದರೂ ಸಿಗಲಿಲ್ಲ.

ಹಾಗಾದರೆ ಕಟ್ಟಿದ ರಿಬ್ಬನ್ನನ್ನು ಏನು ಮಾಡುವುದು? ಬಿಚ್ಚಬೇಕಾದವರು ಬರುವುದಿಲ್ಲ. ತಾವೇ ಬಿಚ್ಚಿದರೆ ಮಗುವನ್ನು ಎರಡನೆಯ ಸಲ ಕಳುಹಿಸಿಕೊಟ್ಟಂತೆ. ಹೆತ್ತವರು ಬಿಚ್ಚಲಿಲ್ಲ, ಅದಕ್ಕೆ ಬೇರೆ ಅರ್ಥ ಕೊಟ್ಟರು. 'ಬನ್ನಿ' ಎಂದಿದ್ದುದು 'ಮರೆಯುವುದಿಲ್ಲ' ಎಂದಾಯಿತು. ಮುಂದೆ 'ಇದು ಏಕೆ ಆಯಿತು, ಹೇಳಿ' ಎಂಬ ಪ್ರಶ್ನೆಯಾಯಿತು. ಸೋಲ್ ನಗರದ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಡೇರೆ ಹಾಕಿ ಕುಳಿತರು. ಅಲ್ಲೇ ಒಂದು ಕಡೆ ಜನ ಸೇರಿ ರಿಬ್ಬನ್ ಮಾಡುತ್ತಿದ್ದರು. ತೆಳುವಾದ ಹಳದಿ ಫೋಮ್ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುವುದು, ಮಡಿಚಿ ಅಂಟಿಸುವುದು, ಸಣ್ಣ ಸರಪಳಿ ಪೋಣಿಸುವುದು. ಅದನ್ನು ವಿದ್ಯಾರ್ಥಿಗಳು ಶಾಲಾ ಚೀಲಕ್ಕೆ ಸಿಕ್ಕಿಸಿಕೊಂಡರು.

ಎಲ್ಲರೂ ಅದನ್ನು ಗೌರವಿಸಲಿಲ್ಲ. 'ಇನ್ನೆಷ್ಟು ದಿನ? ಸಾಕು ಮಾಡಿ' ಎಂದವರಿದ್ದರು. ಪರಿಹಾರದ ಹಣಕ್ಕಾಗಿ ಈ ನಾಟಕ ಎಂದವರೂ ಇದ್ದರು. ಹೆತ್ತವರು ಉಪವಾಸ ಕುಳಿತಿದ್ದ ಜಾಗದ ಹತ್ತಿರವೇ ಕುಳಿತು ಹೊಟ್ಟೆ ತುಂಬ ತಿಂದು ಅಣಕಿಸಿದವರೂ ಇದ್ದರು! ರಿಬ್ಬನ್ ಧರಿಸುವುದೇ ರಾಜಕೀಯ ಎನಿಸಿಕೊಂಡಿತು. 2014ರ ಆಗಸ್ಟ್‌ನಲ್ಲಿ ಕೊರಿಯಾಕ್ಕೆ ಬಂದ ಪೋಪ್ ಫ್ರಾನ್ಸಿಸ್ ಈ ಹೆತ್ತವರನ್ನು ಕಂಡು ಎದೆಯ ಮೇಲೆ ಹಳದಿ ರಿಬ್ಬನ್ ಧರಿಸಿದರು. ತಟಸ್ಥರಾಗಿರಬೇಕಾದರೆ ತೆಗೆದುಬಿಡಿ ಎಂದು ಒಬ್ಬರು ಸಲಹೆ ಕೊಟ್ಟರಂತೆ. ಮನುಷ್ಯರ ನೋವಿನ ಮುಂದೆ ತಟಸ್ಥನಾಗಿರಲು ಬರುವುದಿಲ್ಲ ಎಂದು ತಾವು ಉತ್ತರಿಸಿದ್ದಾಗಿ ಹಿಂದಿರುಗುವಾಗ ವಿಮಾನದಲ್ಲಿ ಪತ್ರಕರ್ತರಿಗೆ ಹೇಳಿದರು.

ಅಮ್ಮಂದಿರು ತೊಟ್ಟ ಸಮವಸ್ತ್ರ

ಕೊರಿಯಾದಲ್ಲಿ ಮಗು ಹುಟ್ಟಿದ ಮೇಲೆ ತಂದೆ ತಾಯಿಯರನ್ನು ಮಗುವಿನ ಹೆಸರು ಹಿಡಿದು 'ಇಂಥವನ ಅಪ್ಪ', 'ಇಂಥವಳ ಅಮ್ಮ' ಎಂದು ಕರೆಯುವುದು ರೂಢಿ. ನಮ್ಮ ಹಳ್ಳಿಗಳಲ್ಲೂ ಈ ರೂಢಿ ಉಂಟು. ಮಕ್ಕಳು ಹೋದ ಮೇಲೂ ಆ ಹೆತ್ತವರು ಪರಸ್ಪರ ಹಾಗೆಯೇ ಕರೆದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಸಲ ಯಾರಾದರೂ ಮಗುವಿನ ಹೆಸರನ್ನು ಬಾಯಿ ತುಂಬ ಕರೆಯುತ್ತಾರಲ್ಲ, ಅದೇ ಒಂದು ಸಮಾಧಾನ.

ಅವರಲ್ಲಿ ಕೆಲವು ತಾಯಂದಿರು ಸೇರಿ ಒಂದು ನಾಟಕ ತಂಡ ಕಟ್ಟಿದರು. ತಂಡದ ಹೆಸರೇ 'ಹಳದಿ ರಿಬ್ಬನ್'. ಬದುಕಿ ಬಂದ ಮಕ್ಕಳ ತಾಯಂದಿರೂ ಅದರಲ್ಲಿದ್ದಾರೆ. ಅವರ ಒಂದು ನಾಟಕದಲ್ಲಿ, ಜೆಜು ಪ್ರವಾಸಕ್ಕೆಂದು ಹಾಡು ಕುಣಿತ ಕಲಿಯುವ ಪ್ರೌಢಶಾಲಾ ಮಕ್ಕಳ ಪಾತ್ರಗಳಿವೆ. ನಡುವಯಸ್ಸು ದಾಟಿದ ತಾಯಂದಿರು ಶಾಲಾ ಸಮವಸ್ತ್ರ ತೊಟ್ಟು ಆ ಪಾತ್ರಗಳನ್ನು ಮಾಡುತ್ತಾರೆ. ಈ ತಂಡದ ಬಗ್ಗೆ 2023ರಲ್ಲಿ ಒಂದು ಸಾಕ್ಷ್ಯಚಿತ್ರವೂ ತೆರೆಗೆ ಬಂತು. ದುಃಖದಲ್ಲಿ ಮುಳುಗಿದ ದೇವತೆಯರನ್ನು ಅದರಲ್ಲಿ ಕಾಣಲಾಗದು. ಒಳ್ಳೆಯ ಪಾತ್ರ ಬೇಕೆಂದು ಮುನಿಸಿಕೊಳ್ಳುವ, ಜಗಳವಾಡುವ, ನಗುವ ಹೆಂಗಸರೇ ಅಲ್ಲಿದ್ದಾರೆ. ಮಗುವನ್ನು ಕಳೆದುಕೊಂಡವರು ನಗಬಾರದು ಎಂಬ ನಿಯಮವನ್ನು ಯಾರು ಮಾಡಿದರು?

ಆ ಮಕ್ಕಳ ಹತ್ತು ತರಗತಿ ಕೋಣೆಗಳನ್ನು ಮೇಜು ಕುರ್ಚಿ ಸಮೇತ ಆನ್ಸಾನ್‌ನಲ್ಲಿ ಬೇರೊಂದು ಕಟ್ಟಡದಲ್ಲಿ ಕಾಪಾಡಿದ್ದಾರೆ. ಪ್ರತಿ ಮೇಜಿನ ಮೇಲೂ ಒಂದೊಂದು ಹೆಸರು, ಹೂವು, ಪತ್ರ. ಏಪ್ರಿಲ್ 16ನ್ನು ಆ ದೇಶ ಸುರಕ್ಷತಾ ದಿನವನ್ನಾಗಿ ಆಚರಿಸುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವ ಈಜನ್ನು ಕಲಿಸುವುದೂ ಈ ದುರಂತದ ನಂತರ ವ್ಯಾಪಕವಾಯಿತು.

ಉಳಿದ ಪಾಠ

'ದೊಡ್ಡವರು ಹೇಳಿದಂತೆ ಕೇಳು' ಎಂದು ಕಲಿಸಿದ್ದೇ ತಪ್ಪಾಯಿತೇ? ಆ ಹೆತ್ತವರನ್ನು ಬಹಳ ಕಾಡಿದ ಪ್ರಶ್ನೆ ಇದು. ವಿಧೇಯತೆ ತಪ್ಪಲ್ಲ. ಆದರೆ ಹೇಳುವ ದೊಡ್ಡವರಿಗೆ ಒಂದು ಹೊಣೆಯುಂಟು. ಮಕ್ಕಳಿಗೆ ಪ್ರಶ್ನೆ ಕೇಳುವ ಹಕ್ಕುಂಟು. ಪ್ರವಾಸದ ಬಸ್ಸು ಹತ್ತುವ ಮೊದಲು 'ತುರ್ತು ಬಾಗಿಲು ಎಲ್ಲಿದೆ ಸಾರ್?' ಎಂದು ಕೇಳುವ ಹುಡುಗ ಅಧಿಕಪ್ರಸಂಗಿಯಲ್ಲ. 'ಎಷ್ಟು ಜನರನ್ನು ಕೂರಿಸುತ್ತೀರಿ?' ಎಂದು ಕೇಳುವ ತಾಯಿ ತಗಾದೆಯವಳಲ್ಲ.

ಪೆಂಗ್‌ಮೊಕ್ ಬಂದರಿನ ಕಂಬಿಗಳಿಗೆ ಕಟ್ಟಿದ ರಿಬ್ಬನ್‌ಗಳು ಬಿಸಿಲಿಗೆ ಬಣ್ಣಗೆಟ್ಟು, ಉಪ್ಪುಗಾಳಿಗೆ ಎಳೆ ಬಿಟ್ಟಿವೆ. ಸೂರ್ಯನ ಅತಿನೇರಳೆ ಕಿರಣಗಳಿಗೆ ಯಾವ ಬಟ್ಟೆಯ ಬಣ್ಣವೂ ಬಹುಕಾಲ ತಡೆಯದು. ಹಳತು ಹರಿದ ಕಡೆ ಬಂದವರು ಹೊಸದನ್ನು ಕಟ್ಟಿ ಹೋಗುತ್ತಾರೆ. 2014ರಲ್ಲಿ ತೊಟ್ಟಿಲಲ್ಲಿದ್ದ ಮಕ್ಕಳು ಈಗ ಚೀಲಕ್ಕೆ ಹಳದಿ ರಿಬ್ಬನ್ ಸಿಕ್ಕಿಸಿಕೊಂಡು ಶಾಲೆಗೆ ಹೋಗುತ್ತಾರೆ. ಸಂಜೆ ಅವರು ಮನೆಗೆ ಬರುತ್ತಾರೆ. ಬರಲೇಬೇಕು ಎಂಬುದಕ್ಕೇ ಆ ರಿಬ್ಬನ್.