ಖರೀದಿಯಲ್ಲಿ ಜಾತಿ: ಕಾಯ್ದೆ ಮುಗಿಯುವೆಡೆ ನೀತಿ

ಪಾಶ್ಚಾತ್ಯ ಉದ್ಯಮರಂಗದಲ್ಲಿ ವರ್ಣ ಒಡ್ಡುವ ಪ್ರಶ್ನೆಯನ್ನು ನಮ್ಮಲ್ಲಿ ಬಹುಮಟ್ಟಿಗೆ ಜಾತಿ ಒಡ್ಡುತ್ತದೆ. ದೇಶದ 1,000 ಪ್ರಮುಖ ಕಂಪನಿಗಳ ಆಡಳಿತ ಮಂಡಳಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ನಿರ್ದೇಶಕರಲ್ಲಿ ಸುಮಾರು ಶೇ. 93ರಷ್ಟು ಮಂದಿ ಮುಂದುವರಿದ ಜಾತಿಗಳವರು. ಪರಿಶಿಷ್ಟ ಜಾತಿ, ಪಂಗಡಗಳವರು ಶೇ. 3.5 ಮಾತ್ರ. ಪರಿಚಯವೇ ಬಂಡವಾಳವಾದ ಕಡೆ ಅಪರಿಚಿತನ ದರಪಟ್ಟಿ ತೆರೆಯುವುದೇ ಅಪರೂಪ.

ಈ ಅಂತರವನ್ನು ತಗ್ಗಿಸಲು ಕೇಂದ್ರ ಸರ್ಕಾರ 2012ರಲ್ಲಿ ಖರೀದಿ ನೀತಿಯನ್ನು ಜಾರಿಗೆ ತಂದಿತು. 2018ರ ತಿದ್ದುಪಡಿಯ ನಂತರ ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ವಾರ್ಷಿಕ ಖರೀದಿಯ ಶೇ. 25ನ್ನು ಅತಿಸಣ್ಣ ಮತ್ತು ಸಣ್ಣ ಘಟಕಗಳಿಂದ, ಅದರೊಳಗೆ ಶೇ. 4ನ್ನು ಪರಿಶಿಷ್ಟ ಉದ್ಯಮಿಗಳಿಂದ ಕೊಳ್ಳಬೇಕಿದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಲ್ಪಟ್ಟ ಎಚ್.ಎ.ಎಲ್. ಸಂಸ್ಥೆಯೂ ಇದರ ವ್ಯಾಪ್ತಿಗೆ ಸೇರಿದೆ.

ಆದರೆ ತುಮಕೂರಿನ ವಸಂತನರಸಾಪುರ, ಕುಣಿಗಲ್‌ನ ಅಂಚೇಪಾಳ್ಯಗಳ ಖಾಸಗಿ ಖರೀದಿದಾರರಿಗೆ ಇಂತಹ ಕಡ್ಡಾಯವಿಲ್ಲ. ಅಲ್ಲಿ ಕಾನೂನಿನ ಕೆಲಸವನ್ನು ಮಾಲೀಕನ ವಿವೇಚನೆಯೇ ಮಾಡಬೇಕು. ದರಪಟ್ಟಿಯನ್ನು ಬಹಿರಂಗವಾಗಿ ಕರೆಯುವುದು, ಹೊಸಬರ ಮಾದರಿಯನ್ನು ಗುಣಮಟ್ಟದಿಂದಲೇ ಅಳೆಯುವುದು, 2006ರ ಕಾಯ್ದೆಯಂತೆ ಸಣ್ಣ ಘಟಕಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸುವುದು: ಇವಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. ದೊಡ್ಡ ಕಂಪನಿಯ ಬಾಗಿಲಲ್ಲಿ ನ್ಯಾಯ ಕೇಳುವ ಸಣ್ಣ ಉದ್ಯಮಿ ತನ್ನ ಬಾಗಿಲಿಗೆ ಬಂದವನಿಗೂ ಅದನ್ನೇ ನೀಡಬೇಕಾಗುತ್ತದೆ.